ಬೆಟಗೇರಿಯ ಜಾಝ್ ಕ್ಲಬ್ಬಿನ ಕರಿಹಲಗೆ

ಅಕ್ಷರ ದುಂಡಗಿದ್ದರೆ ಬಾಳೂ ದುಂಡಗಿರುತ್ತದೆಂದು ಕಾಪಿಪುಸ್ತಕ ಬರೆಸುವ ಕಾಲದಲ್ಲಿ ನಮಗೆ ಹೇಳುತ್ತಿದ್ದರು. ನಂಬಬೇಡಿ. ನನ್ನ ಅಕ್ಷರ ದುಂಡಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಹೊಗಳಬೇಕಾದವರು ಹೊಗಳುವುದನ್ನು ಬಿಟ್ಟು ನೇರವಾಗಿ ಕೆಲಸವನ್ನೇ ಹಚ್ಚುವುದರಿಂದ ನನಗೆ ಬೇರೆ ದಾರಿಯಿಲ್ಲ. ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ನಾನು ಕಲಿಸಿದ ಸಂಧಿ ಸಮಾಸಗಳು ಊರಲ್ಲಿ ಯಾರಿಗೆ ನೆನಪಿವೆಯೋ ಕಾಣೆ, ನನ್ನ ಕೈಬರಹ ಮಾತ್ರ ಎಲ್ಲರಿಗೂ ನೆನಪಿದೆ. ಯಾರ ಮನೆಯಲ್ಲಿ ಮದುವೆಯಾದರೂ ಹೆಸರು ಬರೆಯಲಿಕ್ಕೆಂದು ಲಗ್ನಪತ್ರಿಕೆಯ ಲಕೋಟೆಗಳು ಮೊದಲು ನನ್ನ ಮನೆಗೆ ಬರುತ್ತವೆ. ಯಾರಾದರೂ ತೀರಿಕೊಂಡರೆ ಸರ್ಕಲ್ಲಿನಲ್ಲಿ ಇಡುವ ಕರಿಹಲಗೆ ಬರುತ್ತದೆ. ಒಮ್ಮೆಯಂತೂ ಒಬ್ಬರು ಬೆಳಿಗ್ಗೆಯೇ ಹಲಗೆ ಹೊತ್ತುಕೊಂಡು ಬಂದು, ಅಪ್ಪಾರು ಇನ್ನೂ ಹೋಗಿಲ್ಲ, ಆದರೆ ಸಂಜೆತನಕ ಎಂದು ಡಾಕ್ಟರು ಹೇಳಿದ್ದಾರೆ, ನಿಮಗೆ ಆಮೇಲೆ ಶಾಲೆ ಇರುತ್ತದಲ್ಲ ಎಂದರು. ನಾನು ಬರೆದುಕೊಟ್ಟೆ. ಆ ಹಿರಿಯರು ಅಲ್ಲಿಂದ ಮುಂದೆ ನಾಲ್ಕು ವರ್ಷ ಬದುಕಿದರು. ಬದುಕಿದಷ್ಟು ದಿನವೂ ಸಂತೆಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಾನು ಜಗಳಗಂಟಿಯಲ್ಲ ಎಂಬುದು ನಿಮಗೆ ಗೊತ್ತಿರಲಿ ಎಂದು. ಏನು ಬರೆ ಎಂದರೂ ಬರೆದವಳು ನಾನು. ಹೋದ ವರ್ಷ ಒಂದೇ ಒಂದು ಹಲಗೆಯ ಮೇಲೆ ಒಂದೇ ಒಂದು ಸಾಲು ಬರೆಯುವುದಿಲ್ಲ ಎಂದೆ. ಅಷ್ಟಕ್ಕೇ ಓಣಿಯಲ್ಲಿ, ಶಾಲೆಯಲ್ಲಿ, ಮುಂಡರಗಿಯ ಬಸ್ಸಿನಲ್ಲಿ ನನ್ನ ಮಾತೇ ಮಾತಾಯಿತು.

ಆ ಹಲಗೆ ತಂದವರು ದೇವೇಂದ್ರಪ್ಪ. ಮೂಲ ಲಕ್ಷ್ಮೇಶ್ವರದವರು, ಬೆಟಗೇರಿಗೆ ಬಂದು ನೆಲೆಸಿ ಬಹಳ ವರ್ಷವಾಗಿದೆ. ನಲವತ್ತು ವರ್ಷ ಮದುವೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದಿದವರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕೂ ಕಡೆ ಕುದುರೆ ಏರಿದ ಮದುಮಕ್ಕಳಲ್ಲಿ ಅರ್ಧದಷ್ಟು ಜನ ಇವರ ಹಿಂದೆಯೇ ಹೋಗಿ ಸಂಸಾರಕ್ಕೆ ಬಿದ್ದವರು. ನನ್ನ ಮದುವೆಯಲ್ಲೂ ಊದಿದ್ದರಂತೆ. ನಾನು ತಲೆ ತಗ್ಗಿಸಿಕೊಂಡು ಕುಳಿತಿದ್ದರಿಂದ ನನಗೆ ಕಂಡದ್ದು ಅವರ ಬಿಳಿ ಬೂಟು ಮಾತ್ರ. ಮೊಣಕಾಲು ನೋವು ಶುರುವಾಗಿ ಮೆರವಣಿಗೆಯಲ್ಲಿ ನಡೆಯಲಾಗದೆ ಬ್ಯಾಂಡು ಬಿಟ್ಟರು. ಕೆಂಪು ಕೋಟನ್ನು ವಾಪಸು ಕೊಟ್ಟರು, ವಾದ್ಯ ಅವರದೇ ಇತ್ತು, ಉಳಿಯಿತು.

ಅವರಿಗೊಂದು ಹಳೆಯ ಆಸೆ ಇತ್ತು. ಪ್ರಾಯದಲ್ಲಿ ಒಮ್ಮೆ ಗೋವೆಯ ಕಡೆ ಒಂದು ಮದುವೆಗೆ ಊದಲು ಹೋದಾಗ, ಅಲ್ಲಿಯ ಮುದುಕ ವಾದಕರೊಬ್ಬರು ಊಟದ ಪಂಕ್ತಿ ನಡೆದಿರುವಾಗ ಚಪ್ಪರದ ಹಿಂದೆ ಕುಳಿತು ತಮ್ಮಷ್ಟಕ್ಕೆ ತಾವು ಊದಿಕೊಳ್ಳುತ್ತಿದ್ದರಂತೆ. ಇದೇನು ಎಂದು ಕೇಳಿದರೆ ಜಾಝ್ ಎಂದರಂತೆ. ಎರಡು ದಿನ ಅವರ ಪಕ್ಕದಲ್ಲಿ ಕುಳಿತು ಕೇಳಿ, ಮೂರನೆಯ ದಿನ ದೇವೇಂದ್ರಪ್ಪ ಊರಿಗೆ ಬಂದು ಮತ್ತೆ ಸಿನಿಮಾ ಹಾಡು ಊದಿದರು. ಆದರೆ ಕಿವಿಯಲ್ಲಿ ಅದು ಉಳಿಯಿತು. ನನ್ನ ಪಡಸಾಲೆಯಲ್ಲಿ ಕುಳಿತು ಚಹದ ಕಪ್ಪು ಹಿಡಿದುಕೊಂಡು ಅವರು ಹೇಳಿದ ಮಾತು ಇಷ್ಟು: ‘ಮೆರವಣಿಗ್ಯಾಗ ಮಂದಿ ಹೇಳಿದ್ದು ಊದಬೇಕ್ರಿ ಅಕ್ಕಾರ. ಇದರಾಗ ನನಗ ತಿಳಿದದ್ದು ಊದಬೌದು.’

ಇಪ್ಪತ್ತಾರು ವರ್ಷ ಮಂದಿ ಹೇಳಿದ್ದನ್ನೇ ಬರೆದ ನನಗೆ ಆ ಮಾತು ಎಲ್ಲಿಯೋ ನಾಟಿತು. ಬರೆಯುತ್ತೇನೆ ಎಂದೆ.

ಅವರು ತೆರೆಯಲಿದ್ದ ಜಾಝ್ ಕ್ಲಬ್ಬಿನ ಜಾಗ ನಮ್ಮ ಓಣಿಯ ಶಂಕ್ರವ್ವನದು. ಆಕೆಯದು ನೇಕಾರರ ಮನೆ. ಗಂಡ ತೀರಿದ ಮೇಲೆ ಮಗ್ಗಗಳನ್ನು ಮಾರಿದ್ದಳು, ಮಗ್ಗದ ಮನೆ ಖಾಲಿ ಇತ್ತು. ನೇಕಾರರು ಕಾಲು ಇಳಿಬಿಟ್ಟು ಕೂರುವ ಕುಣಿಗಳು ನೆಲದಲ್ಲಿ ಹಾಗೆಯೇ ಉಳಿದಿದ್ದವು. ದೇವೇಂದ್ರಪ್ಪ ಅವನ್ನು ಮುಚ್ಚಿಸಬೇಡ ಎಂದು ಕೇಳಿಕೊಂಡರು. ಕೇಳುವವರು ಕುಣಿಯಲ್ಲಿ ಕಾಲು ಬಿಟ್ಟು ನೆಲದ ಮೇಲೆ ಕುಳಿತರೆ ಕುರ್ಚಿಯ ಗೊಡವೆಯೇ ಇಲ್ಲ ಎಂಬುದು ಅವರ ಲೆಕ್ಕ. ಪ್ರತಿ ರವಿವಾರ ಸಂಜೆ ಐದಕ್ಕೆ ಕಚೇರಿ. ತಿಂಗಳ ಮೊದಲಿಗೆ ಮುಂದೆ ಬರುವ ಕಚೇರಿಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು ಬಾಗಿಲ ಪಕ್ಕದಲ್ಲಿ ತೂಗು ಹಾಕಬೇಕು. ಪಟ್ಟಿಯನ್ನು ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮೊದಲ ರವಿವಾರ: ದೇವೇಂದ್ರಪ್ಪ, ಸ್ಯಾಕ್ಸೊಫೋನ್. ಎರಡನೆಯ ರವಿವಾರ: ದೇವೇಂದ್ರಪ್ಪ, ಸ್ಯಾಕ್ಸೊಫೋನ್. ಮೂರನೆಯದಕ್ಕೆ ಬರುವ ಹೊತ್ತಿಗೆ ನಾನು ಸೀಮೆಸುಣ್ಣ ನಿಲ್ಲಿಸಿ ಅವರ ಮುಖ ನೋಡಿದೆ. ಅವರು ಸ್ವಲ್ಪ ಯೋಚಿಸಿ, ಹಿರೇವಡ್ಡಟ್ಟಿಯ ಫಕೀರಪ್ಪ ಹಲಗಿ ಬಾರಿಸಲು ಒಪ್ಪಿದ್ದಾನೆ, ಅವನನ್ನು ಸೇರಿಸಿರಿ ಎಂದರು. ಹೀಗೆ ಮೂರನೆಯ ರವಿವಾರ ಹಲಗಿ ಬಂತು, ಬರೆಯುವ ಹಲಗೆಯಲ್ಲ, ತಮಟೆಯಂಥ ಚರ್ಮವಾದ್ಯ. ನಾಲ್ಕನೆಯದರಲ್ಲಿ ಮತ್ತೆ ದೇವೇಂದ್ರಪ್ಪ.

ಇನ್ನು ಹೆಸರು. ‘ಜಾಝ್’ ಬರೆಯುವುದು ಹೇಗೆಂದು ಕನ್ನಡ ಕಲಿಸುವ ಅಕ್ಕಾರಾದ ನನಗೂ ಗೊತ್ತಿರಲಿಲ್ಲ. ಜಾಜ್ ಎಂದು ಬರೆದರೆ ತೀರ ಸಪ್ಪಗೆ ಕಂಡಿತು. ಝಾಝ್ ಎಂದರೆ ಕಿವಿಯ ಹತ್ತಿರ ಗುಂಗಾಡು ಹಾರಿದಂತಾಯಿತು. ಕೊನೆಗೆ ಒಂದು ಜ, ಒಂದು ಝ ಎಂದು ರಾಜಿ ಮಾಡಿದೆ. ರಾಜಿ ಮಾಡಿ ಏನು ಫಲ, ಹಲಗೆ ತೂಗುಹಾಕಿದ ಎರಡನೆಯ ದಿನವೇ ಒಬ್ಬ ಮುದುಕಿ ಶಂಕ್ರವ್ವನ ಬಾಗಿಲಿಗೆ ಬಂದು, ಗೋಡೆಗೆ ಬಳಿಯಲಿಕ್ಕೆ ಜಾಜು ಬೇಕಿತ್ತು, ಇಲ್ಲಿ ಸಿಗುತ್ತದಂತಲ್ಲ ಎಂದು ಕೇಳಿದಳು. ಕೆಂಪುಮಣ್ಣು ಮಾರುವ ಅಂಗಡಿ ಎಂದು ಯಾರೋ ಓದಿ ಹೇಳಿದ್ದರು.

ಜಾಝ್ ಎಂಬುದರ ಅರ್ಥ ಯಾರಿಗೂ ಆಗಲಿಲ್ಲ, ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆಯಾದದ್ದು ಎಲ್ಲರಿಗೂ ಅರ್ಥವಾದ ‘ಕ್ಲಬ್’ ಎಂಬ ಶಬ್ದದಿಂದ. ನಮ್ಮ ಕಡೆ ಕ್ಲಬ್ ಎಂದರೆ ಇಸ್ಪೀಟು. ಮೊದಲ ರವಿವಾರ ನಾಲ್ಕೂವರೆಗೇ ಮೂವರು ಗಂಡಸರು ಬಂದು ಚಪ್ಪಲಿ ಬಿಟ್ಟು ಒಳಗೆ ಕುಳಿತರು. ಸಂಗೀತಕ್ಕೆ ಇಷ್ಟು ಆಸಕ್ತರು ಇದ್ದಾರಲ್ಲ ಎಂದು ನಾನು ಹಿಗ್ಗಿದೆ. ಅವರಲ್ಲೊಬ್ಬ ಜೇಬಿನಿಂದ ಎಲೆಗಳ ಕಟ್ಟು ತೆಗೆದು, ನಾಲ್ಕನೆಯವರು ಯಾರು ಎಂದು ಕೇಳಿದ. ದೇವೇಂದ್ರಪ್ಪ ಬೇಸರಿಸಲಿಲ್ಲ. ಬಂದದ್ದು ಬಂದಿರಿ, ಕುಂಡ್ರಿರಿ, ಒಂದು ಕೇಳಿ ಹೋಗಿರಿ ಎಂದರು. ಇಬ್ಬರು ಎದ್ದು ಹೋದರು. ಎಲೆಕಟ್ಟಿನವನು ಅದೇಕೋ ಉಳಿದ. ಈಗಲೂ ತಪ್ಪದೆ ಬರುತ್ತಾನೆ. ಎಲೆಕಟ್ಟನ್ನೂ ತರುತ್ತಾನೆ, ಯಾರಿಗೆ ಗೊತ್ತು, ಯಾವತ್ತಾದರೂ ಕಚೇರಿ ರದ್ದಾದರೆ ಇರಲಿ ಎಂದು.

ನಮ್ಮ ಮನೆಯಲ್ಲೂ ಇದೇ ಕಥೆ. ನಮ್ಮ ಅತ್ತೆ ಹಮ್ಮಿಗಿಯವರು, ಹೊಳೆಯ ದಂಡೆಯಲ್ಲಿ ಬೆಳೆದವರು, ಎಪ್ಪತ್ತು ದಾಟಿದರೂ ದನಿ ಮಾತ್ರ ಇನ್ನೂ ಹೊಳೆಯ ಆಚೆ ದಂಡೆಗೆ ಮುಟ್ಟುವಂಥದು. ಅವರಿಗೆ ಮುಂಡರಗಿಯಿಂದ ನನ್ನ ನಾದಿನಿಯ ಫೋನ್ ಬಂತು, ವೈನಿ ಕ್ಲಬ್ಬಿಗೆ ಹೋಗುತ್ತಾಳಂತೆ, ಖರೆ ಏನು ಎಂದು. ವೈನಿ ಎಂದರೆ ಅತ್ತಿಗೆ, ಅಂದರೆ ನಾನು. ನಮ್ಮ ಮನೆಯವರು ಮುಂಡರಗಿಯ ಪಶು ಆಸ್ಪತ್ರೆಯಲ್ಲಿದ್ದಾರೆ, ದಿನಾ ಬಸ್ಸಿನಲ್ಲಿ ಓಡಾಡುವವರು. ಬಸ್ಸಿನಲ್ಲಿ ಇಬ್ಬರು ಅವರನ್ನು ಪಕ್ಕಕ್ಕೆ ಕರೆದು ಅನುಕಂಪ ತೋರಿದರಂತೆ. ಇವರು ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತ, ಹೆಸರನ್ನಷ್ಟು ಬದಲಿಸಿದರೆ ಆಗುವುದಿಲ್ಲವೆ, ಸಂಗೀತ ಸಭಾ ಅಂತಲೋ ಸಂಘ ಅಂತಲೋ ಬರೆದರೆ ಗೌರವವಾಗಿರುತ್ತದಲ್ಲ ಎಂದರು. ನಾನು ಅದನ್ನು ದೇವೇಂದ್ರಪ್ಪನವರಿಗೆ ಮುಟ್ಟಿಸಿದೆ. ಅವರು ತಲೆ ಅಲ್ಲಾಡಿಸಿದರು. ‘ಸಂಘ ಅಂದ್ರ ಚುನಾವಣಿ ಬರ್ತೈತಿ, ಸಭಾ ಅಂದ್ರ ಭಾಷಣ ಬರ್ತೈತಿ. ಕ್ಲಬ್ ಇರ್ಲಿ ಬಿಡ್ರಿ ಅಕ್ಕಾರ. ಬರಬೇಕನ್ನಾವರು ಬರ್ತಾರ.’ ಇದಕ್ಕಿಂತ ಒಳ್ಳೆಯ ವಾದ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು, ಹೆಸರು ಬದಲಾಗುವುದಿಲ್ಲ ಎಂದು ಹೇಳಿ ಚಪಾತಿ ಲಟ್ಟಿಸಲು ಕುಳಿತೆ.

ಎರಡನೆಯ ವಾರ ಹಲಗೆ ಅಳಿಸಿತ್ತು. ಮಳೆಯಿಲ್ಲ, ಗಾಳಿಯಿಲ್ಲ, ಒದ್ದೆ ಬಟ್ಟೆಯಿಂದ ಎಡದಿಂದ ಬಲಕ್ಕೆ ನೀಟಾಗಿ ಒರೆಸಿದ ಗುರುತು. ಅಕ್ಕಾರು ಆದವಳಿಗೆ ಹಲಗೆ ಒರೆಸಿದವನು ಯಾವ ಬಗೆಯ ಮನುಷ್ಯನೆಂಬುದು ಗುರುತಿನಿಂದಲೇ ತಿಳಿಯುತ್ತದೆ. ಇದು ಹುಡುಗಾಟದ ಒರೆಸುವಿಕೆಯಲ್ಲ, ಜವಾಬ್ದಾರಿಯುತ ನಾಗರಿಕನ ಒರೆಸುವಿಕೆ. ಶಾಲೆಗೆ ಹೋಗುವ ಮುನ್ನ ಮತ್ತೆ ಬರೆದೆ. ಮರುದಿನ ಅಳಿಸಿತ್ತು. ಬರೆದೆ. ಅಳಿಸಿತ್ತು. ಹೀಗೆ ಐದು ದಿನ ನಡೆದ ಮೇಲೆ ನಾನು ಬಣ್ಣದ ಅಂಗಡಿಗೆ ಹೋಗಿ ಬಿಳಿ ಎಣ್ಣೆಬಣ್ಣದ ಸಣ್ಣ ಡಬ್ಬಿ ತಂದೆ. ಪಟ್ಟಿ ತಿಂಗಳು ತಿಂಗಳು ಬದಲಾಗುವುದರಿಂದ ಅದನ್ನು ಬಣ್ಣದಲ್ಲಿ ಬರೆಯುವಂತಿರಲಿಲ್ಲ. ತಲೆಬರಹ ಒಂದನ್ನು ಬರೆದೆ. ಮಾರನೆಯ ದಿನ ನೋಡಿದರೆ ಕಚೇರಿಗಳೆಲ್ಲ ಹೋಗಿ ‘ಜಾಝ್ ಕ್ಲಬ್’ ಎಂಬುದೊಂದೇ ಇಡೀ ಹಲಗೆಗೆ ಮೆರೆಯುತ್ತಿತ್ತು. ಯಾವ ಶಬ್ದದ ಮೇಲೆ ಊರಿಗೆ ಸಿಟ್ಟೋ ಅದನ್ನೇ ಖಾಯಂ ಮಾಡಿದ್ದೆ. ಪಶ್ಚಾತ್ತಾಪವಾಯಿತೆ ಎಂದು ಕೇಳಬೇಡಿ. ಆಗಲಿಲ್ಲ.

ಪಟ್ಟಿಯನ್ನು ಮತ್ತೆ ಬರೆದೆ. ಅದರ ಮಾರನೆಯ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಬೇಗ ಹೊರಟೆ. ಶಂಕ್ರವ್ವನ ಬಾಗಿಲಲ್ಲಿ ಚನ್ನಬಸಪ್ಪ ಕಾಕಾ ನಿಂತಿದ್ದರು. ಇವರನ್ನು ನಿಮಗೆ ಪರಿಚಯಿಸಬೇಕು. ನಮಗೆ ಸಂಬಂಧಿಕರೇನಲ್ಲ, ಇಡೀ ಓಣಿಗೇ ಕಾಕಾ. ಕಾಳಿನ ವ್ಯಾಪಾರ ಮಕ್ಕಳಿಗೆ ವಹಿಸಿ ಊರ ಕೆಲಸಕ್ಕೆ ನಿಂತವರು. ಓಣಿಯಲ್ಲಿ ನಳದ ನೀರು ಬರದಿದ್ದರೆ ಮೊದಲು ಓಡುವವರು ಅವರೇ, ಅದನ್ನು ಇಲ್ಲ ಎನ್ನಲಾರೆ. ಒದ್ದೆ ಟವೆಲ್ಲು ಅವರ ಕೈಯಲ್ಲಿತ್ತು.

‘ಕಾಕಾರ, ಅಳಸಾಕತ್ತೀರೇನ್ರಿ?’ ಎಂದೆ.

‘ಧೂಳ ಕುಂತಿತ್ತವಾ. ಒರಸಾಕತ್ತಿದ್ದೆ.’

‘ಧೂಳ ಅಕ್ಷರದ ಮ್ಯಾಲಷ್ಟ ಕುಂತಿತ್ತೇನ್ರಿ?’

ಅವರು ಟವೆಲ್ಲು ಹಿಂಡಿ ಹೆಗಲ ಮೇಲೆ ಹಾಕಿಕೊಂಡರು. ಆಮೇಲೆ ಗದಗಿನ ಸಂಗೀತ ಪರಂಪರೆ ಎಷ್ಟು ದೊಡ್ಡದು, ಇಂಥ ನೆಲದಲ್ಲಿ ಇಂಥ ಗದ್ದಲ ಸರಿಯೇ ಎಂದು ಶುರುಮಾಡಿದರು. ನಾನು ಹಾಲಿನ ಪಾತ್ರೆ ಹಿಡಿದುಕೊಂಡೇ ಕೇಳಿದೆ. ನೀವು ಒಂದು ಸಲವಾದರೂ ಕೇಳಿದ್ದೀರಾ ಎಂದು ವಿಚಾರಿಸಿದೆ. ಕೇಳಿರಲಿಲ್ಲ. ಹಾಗಾದರೆ ಗದ್ದಲ ಎಂದು ಹೇಗೆ ಗೊತ್ತಾಯಿತು ಎಂದೆ. ಆಗ ಅವರ ಹೊಟ್ಟೆಯೊಳಗಿನ ಮಾತು ಹೊರಗೆ ಬಂತು.

‘ಅಲ್ಲವಾ, ಕಲತಾಕಿ ಅದೀ ನೀನು. ಉದ್ಘಾಟನಾ ಯಾರು, ಬರದಿಲ್ಲ. ಅಧ್ಯಕ್ಷತಿ ಯಾರು, ಬರದಿಲ್ಲ. ಬರೇ ಊದಾವನ ಹೆಸರು ಬರದು ಬಿಟ್ಟೀ. ಹಿಂಗ ಎಲ್ಲ್ಯರೆ ಕಾರ್ಯಕ್ರಮ ಆಗ್ತಾವೇನು?’

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ನಮ್ಮ ಓಣಿಯಲ್ಲಿ ಯಾವ ಕಾರ್ಯಕ್ರಮವಾದರೂ ಹಲಗೆಯ ಮೇಲೆ ಮೊದಲ ಸಾಲು ‘ಅಧ್ಯಕ್ಷತೆ: ಶ್ರೀ ಚನ್ನಬಸಪ್ಪನವರು’ ಎಂದೇ. ರಕ್ತದಾನ ಶಿಬಿರಕ್ಕೆ ಅವರದೇ ಅಧ್ಯಕ್ಷತೆ, ರಂಗೋಲಿ ಸ್ಪರ್ಧೆಗೂ ಅವರದೇ. ಹುಚ್ಚುನಾಯಿ ಚುಚ್ಚುಮದ್ದಿನ ದಿನ ನಮ್ಮ ಮನೆಯವರು ಸೂಜಿ ಹಿಡಿದು ನಿಂತಿದ್ದರೆ, ಓಣಿಯ ನಾಯಿಗಳು ಅಧ್ಯಕ್ಷೀಯ ಭಾಷಣ ಮುಗಿಯುವವರೆಗೆ ಸರಪಳಿಯಲ್ಲಿ ಕಾದವು. ಎರಡೇ ಮಾತು ಎಂದು ಎದ್ದು ನಿಲ್ಲುತ್ತಾರೆ, ಚಹ ಆರುತ್ತದೆ. ಮತ್ತು ಆ ಸಾಲನ್ನು ಇಷ್ಟು ವರ್ಷ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟವಳು ಬೇರೆ ಯಾರೂ ಅಲ್ಲ, ನಾನೇ. ಈ ಒಂದು ಹಲಗೆಯಲ್ಲಿ ತಮ್ಮ ಹೆಸರು ಕಾಣದೆ ಅವರಿಗೆ ಓಣಿಯೇ ಕೈಬಿಟ್ಟು ಹೋದಂತಾಗಿರಬೇಕು.

ನೀವು ಹೇಳುತ್ತೀರಿ, ಒಂದು ಸಾಲು ತಾನೆ, ಬರೆದರೆ ಮುಗಿಯಿತಲ್ಲ ಎಂದು. ಎಲ್ಲರೂ ಅದನ್ನೇ ಹೇಳಿದರು. ನಮ್ಮ ಮನೆಯವರು ಹೇಳಿದರು. ನಮ್ಮ ಹೆಡ್‌ಮಾಸ್ತರರು ನನ್ನನ್ನು ಕೋಣೆಗೆ ಕರೆಸಿ, ಕಾಕಾ ಶಾಲೆಗೆ ಬಂದಿದ್ದರು, ಅಕ್ಕಾರು ಕ್ಲಬ್ಬಿನ ಬೋರ್ಡು ಬರೆಯುವುದು ಶೋಭೆಯಲ್ಲ ಎಂದು ಹೇಳಿ ಹೋದರು, ಅವರ ಹೆಸರೊಂದು ಸೇರಿಸಿಬಿಟ್ಟರೆ ಎಲ್ಲ ಶೋಭಿಸುತ್ತದೆ ಎಂದರು. ನನಗೂ ಮನಸ್ಸು ಅಳ್ಳಕವಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ದೇವೇಂದ್ರಪ್ಪನವರ ಮನೆಗೆ ಹೋಗಿ, ಒಂದೇ ಸಾಲು, ಮೇಲೆ ಸಣ್ಣದಾಗಿ ಬರೆಯುತ್ತೇನೆ ಎಂದೆ.

ಅವರು ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

‘ನಲವತ್ತು ವರ್ಷ ಊದೀನ್ರಿ ಅಕ್ಕಾರ. ಲಗ್ನಪತ್ರಿಕ್ಯಾಗ ಮಾವಂದು ಹೆಸರು ಇರ್ತಿತ್ತು, ಕಾಕಾಂದು ಇರ್ತಿತ್ತು, ಅಡಿಗಿ ಭಟ್ಟರದೂ ಒಂದೆರಡರಾಗ ನೋಡೀನಿ. ನನ್ನ ಹೆಸರು ಎಲ್ಲೂ ಬಂದಿಲ್ಲ. ಬ್ಯಾಂಡಿನವರು ಉಂಡ್ರೇನು ಅಂತ ಕೇಳ್ತಿದ್ರು, ಅಷ್ಟ. ಈಗ ನಿಮ್ಮ ಕೈಲೆ ಒಂದು ಹಲಗಿ ಮ್ಯಾಲ ಬಂದೈತಿ. ನಮ್ಮ ಮನಿಯಾಕಿ ದಿನಾ ಆ ಹಾದೀಲೆ ಸಂತಿಗೆ ಹೊಕ್ಕಾಳ, ಓದಾಕ ಬರೂದಿಲ್ಲ, ಆದ್ರೂ ನಿಂತು ನೋಡ್ತಾಳ. ಅದರ ಮ್ಯಾಲ ಮತ್ತೊಬ್ಬರದು ಬ್ಯಾಡ್ರಿ. ಊದಾವರ ಹೆಸರು, ಬಾರಸಾವರ ಹೆಸರು. ಅಷ್ಟ ಸಾಕು.’

ನಾನು ಎದ್ದು ಬಂದೆ. ದಾರಿಯಲ್ಲಿ ಬರುತ್ತ ನನ್ನ ಮೇಲೆ ನನಗೇ ನಾಚಿಕೆಯಾಯಿತು. ನನ್ನ ಲಗ್ನಪತ್ರಿಕೆಯನ್ನು ನಾನೇ ಬರೆದವಳು, ಅಚ್ಚಿಗೆ ಹೋಗುವ ಮುನ್ನ. ಅದರಲ್ಲಿ ಇಪ್ಪತ್ತೊಂದು ಜನರ ಹೆಸರಿದ್ದವು. ಬಿಳಿ ಬೂಟಿನವರ ಹೆಸರೇನೆಂದು ಆವತ್ತು ನಾನೂ ಕೇಳಿರಲಿಲ್ಲ.

ಮರುದಿನ ಹೆಡ್‌ಮಾಸ್ತರರಿಗೆ ಹೇಳಿದೆ, ಆ ಸಾಲು ಬರೆಯುವುದಿಲ್ಲ, ಊದುವವರ, ಬಾರಿಸುವವರ ಹೆಸರು ಬಿಟ್ಟು ಅಲ್ಲಿ ಮತ್ತಾರದೂ ಇರಬಾರದು, ಹಲಗೆ ಬರೆಯುವುದನ್ನೂ ಬಿಡುವುದಿಲ್ಲ. ಅವರು ಲಿಖಿತ ವಿವರಣೆ ಕೇಳಿದರು. ಬರೆದುಕೊಟ್ಟೆ, ನನ್ನ ಅತ್ಯಂತ ಚೆಂದದ ಅಕ್ಷರದಲ್ಲಿ, ಎರಡೇ ವಾಕ್ಯ: ಜಾಝ್ ಕ್ಲಬ್ಬಿನ ಹಲಗೆಯನ್ನು ನಾನೇ ಬರೆದಿದ್ದೇನೆ; ಮುಂದೆಯೂ ಬರೆಯುತ್ತೇನೆ. ಕೆಳಗೆ ಇನ್ನೊಂದನ್ನೂ ಸೇರಿಸಿದೆ. ಒಂದು ಹಲಗೆ ಬರೆಯುವುದು ಶೋಭೆಯಲ್ಲ ಎಂದಾದರೆ ಇನ್ನು ಯಾವ ಹಲಗೆ ಬರೆಯುವುದೂ ನನಗೆ ಶೋಭಿಸುವುದಿಲ್ಲ. ಅಂದಿನಿಂದ, ಕ್ಲಬ್ಬಿನ ಹಲಗೆಯೊಂದಕ್ಕೆ ಬಿಟ್ಟರೆ, ಸೀಮೆಸುಣ್ಣವನ್ನು ತರಗತಿಯ ಆಚೆಗೆ ಒಯ್ಯಲಿಲ್ಲ. ಶಾಲೆಯ ಹಲಗೆಯ ಮೇಲೆ ನಾನು ಬರೆಯುತ್ತಿದ್ದ ದಿನದ ಸುಭಾಷಿತ ನಿಂತಿತು. ಲಗ್ನಪತ್ರಿಕೆಯ ಲಕೋಟೆಗಳು ಬಂದ ಹಾಗೆ ಹಿಂದಿರುಗಿದವು. ಓಣಿಯಲ್ಲಿ ಆ ದಿನಗಳಲ್ಲಿ ಯಾರೂ ತೀರಿಕೊಳ್ಳಲಿಲ್ಲ, ಅದು ದೇವರ ದಯೆ.

ನಾಲ್ಕೇ ದಿನದೊಳಗೆ ಶಾಲೆಗೆ ಮೇಲಿನ ಅಧಿಕಾರಿಗಳ ಭೇಟಿ ಗೊತ್ತಾಯಿತು. ಸ್ವಾಗತದ ಹಲಗೆಯನ್ನು ಡ್ರಿಲ್ ಮಾಸ್ತರರು ಬರೆದರು. ಪಾಪ, ಅವರು ಜೀವನದಲ್ಲಿ ಎಳೆದ ನೆಟ್ಟಗಿನ ಗೆರೆಯೆಂದರೆ ಖೋಖೋ ಅಂಗಳದ್ದು. ‘ಹಾರ್ದಿಕ ಸುಸ್ವಾಗತ’ ಎಂಬುದು ‘ಹಾದ್ರಿಕ ಸುಸ್ವಾಗಾತ’ ಎಂದಾಗಿತ್ತು. ಹೆಡ್‌ಮಾಸ್ತರರು ಅದನ್ನು ಬೆಳಿಗ್ಗೆ ಗೇಟಿನಲ್ಲಿ ನೋಡಿ ಸೀದಾ ನನ್ನ ತರಗತಿಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಮಕ್ಕಳಿಗೆ ಕೇಳದಂತೆ, ‘ಅಕ್ಕಾರ, ಆ ಕಾಗದ ನನಗ ಸಿಕ್ಕೇ ಇಲ್ಲ ಅಂತ ತಿಳೀರಿ. ಗೇಟಿಗೆ ಬರ್ರಿ, ಜಲ್ದಿ,’ ಎಂದರು. ಹೋದೆ, ಬರೆದೆ. ಯುದ್ಧದಲ್ಲಿ ಅರ್ಧ ಗೆದ್ದೆ ಎಂದುಕೊಂಡೆ.

ಇನ್ನರ್ಧ ಕಾಕಾ ಅವರದು. ಅವರು ಶಂಕ್ರವ್ವನ ಬಳಿ ಹೋಗಿ, ಇದರಿಂದ ಓಣಿಯ ಶಾಂತಿ ಕೆಡುತ್ತದೆ, ಜಾಗ ಬಿಡಿಸು ಎಂದರು. ಇದನ್ನು ನನಗೆ ಶಂಕ್ರವ್ವನೇ ಹೇಳಿದಳು, ಹೇಳುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ‘ನಾ ಅಂದೆ, ಕಾಕಾರ, ಈ ಮನ್ಯಾಗ ನಾಕು ಮಗ್ಗ ಹೊತ್ತಾರೆಯಿಂದ ಹೊತ್ತು ಮುಣುಗೂ ತನಾ ಬಡಕೋತಿದ್ವು. ಆವಾಗ ನಿಮ್ಮ ಶಾಂತಿ ಎಲ್ಲಿ ಇಟ್ಟಿದ್ರಿ? ಮಗ್ಗ ನಿಂತ ಮ್ಯಾಲ ಈ ಮನಿ ಮೂಕ ಆಗಿತ್ತು. ಈಗ ಮತ್ತ ಮಾತಾಡಾಕತ್ತೈತಿ. ನಾ ಬಿಡಸೂದಿಲ್ಲ ಅಂದೆ.’ ಎಲೆಯನ್ನು ಮಡಚಿ ದವಡೆಗೆ ಇಟ್ಟುಕೊಂಡಳು. ಆಕೆ ನನ್ನಂತೆ ಎರಡು ವಾಕ್ಯ, ಮೇಲೊಂದು ಷರತ್ತು ಎಂದೆಲ್ಲ ಬರೆಯಬೇಕಾಗಲಿಲ್ಲ.

ಮೂರನೆಯ ರವಿವಾರ ಬಂತು, ಹಲಗಿಯ ಫಕೀರಪ್ಪ ಸೇರುವ ದಿನ. ನಾನು ಬೆಳಿಗ್ಗೆ ಹೊಸದಾಗಿ ಬರೆದ ಪಟ್ಟಿ ಸಂಜೆಯವರೆಗೂ ಉಳಿದಿತ್ತು, ಯಾಕೆಂದರೆ ಶಂಕ್ರವ್ವ ಅದರ ಕೆಳಗೆ ಮಣೆ ಹಾಕಿಕೊಂಡು ದಿನವಿಡೀ ಅಕ್ಕಿ ಆರಿಸಿದಳು. ಐದಕ್ಕೆ ಎಲೆಕಟ್ಟಿನವನು ಬಂದ. ಜಗಳದ ಸುದ್ದಿ ಹಬ್ಬಿದ್ದರಿಂದ ನೋಡಲೆಂದೇ ಒಂದಿಷ್ಟು ಜನ ಬಂದರು. ಹೆಡ್‌ಮಾಸ್ತರರು ಬಂದು ಬಾಗಿಲ ಹತ್ತಿರದ ಕುಣಿಯಲ್ಲಿ ಕಾಲು ಬಿಟ್ಟರು, ಯಾರಾದರೂ ಕಂಡರೆ ಬೇಗ ಏಳುವಂತೆ. ಎಲ್ಲಕ್ಕಿಂತ ಆಶ್ಚರ್ಯವೆಂದರೆ ನಮ್ಮ ಅತ್ತೆ ಸೆರಗು ಹೊದ್ದುಕೊಂಡು ಮಗನ ಕೈ ಹಿಡಿದು ಬಂದರು. ಕ್ಲಬ್ ಹೇಗಿರುತ್ತದೆ ನೋಡಿಯೇ ಸಾಯುತ್ತೇನೆ ಎಂದಿದ್ದರಂತೆ. ಸ್ಯಾಕ್ಸೊಫೋನನ್ನು ನೋಡಿ, ಇದೇನು ಹುಕ್ಕಾ ಇದ್ದಂಗ ಐತಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕುಣಿಯಲ್ಲಿ ಕಾಲು ಇಳಿಸಿದರು. ಇನ್ನೇನು ಶುರುವಾಗಬೇಕು, ಚನ್ನಬಸಪ್ಪ ಕಾಕಾ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರು. ಕಣ್ಣು ಅಭ್ಯಾಸಬಲದಿಂದ ವೇದಿಕೆ ಹುಡುಕಿತು. ವೇದಿಕೆ ಇರಲಿಲ್ಲ. ಕುರ್ಚಿ ಹುಡುಕಿತು. ಅದೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು, ಕೊನೆಗೆ ಎಲೆಕಟ್ಟಿನವನ ಪಕ್ಕದಲ್ಲಿ ಧೋತರ ಮೇಲೆತ್ತಿಕೊಂಡು ಕುಣಿಯಲ್ಲಿ ಕಾಲು ಬಿಟ್ಟು ಕುಳಿತರು.

ದೇವೇಂದ್ರಪ್ಪ ಬೀಸುಕಲ್ಲಿನ ಪದದ ಒಂದು ಧಾಟಿಯಿಂದ ಶುರುಮಾಡಿದರು. ನಮ್ಮ ಅತ್ತೆಗೆ ಗೊತ್ತಿದ್ದ ಧಾಟಿಯೇ, ಅವರ ತುಟಿ ಅಲ್ಲಾಡಿದ್ದನ್ನು ನಾನು ನೋಡಿದೆ. ಎರಡು ಸಲ ಹಾಗೆಯೇ ಊದಿ, ಮೂರನೆಯ ಸಲ ಆ ಧಾಟಿಯನ್ನು ಎಲ್ಲಿಗೋ ಒಯ್ದರು. ಫಕೀರಪ್ಪನ ಹಲಗಿ ಮೊದಲು ಹಿಂದೆ ಉಳಿಯಿತು, ಆಮೇಲೆ ಅಡ್ಡದಾರಿಯಲ್ಲಿ ಓಡಿ ಬಂದು ಕೂಡಿಕೊಂಡಿತು. ನಡುವೆ ಒಂದು ಸ್ವರ ಕೀರಲಾಗಿ ಒಡೆಯಿತು. ಬೇರೆಯವರಾಗಿದ್ದರೆ ಮುಚ್ಚಿಕೊಳ್ಳುತ್ತಿದ್ದರು, ಇವರು ಬೇಕೆಂದೇ ಆ ಒಡಕನ್ನೇ ಇನ್ನೆರಡು ಸಲ ಊದಿ ಅದನ್ನೂ ಹಾಡಿಗೆ ಸೇರಿಸಿಕೊಂಡರು. ಕಣ್ಣು ಮುಚ್ಚಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಮೊಣಕಾಲು ನೋವಿನ ಮನುಷ್ಯ ನಿಂತುಕೊಂಡೇ ಊದುತ್ತಿದ್ದರು. ಬಾಗಿಲ ಹೊರಗೆ ಅವರ ಹೆಂಡತಿ ಸಂತೆಯ ಚೀಲ ಕೆಳಗಿಟ್ಟು ನಿಂತಿದ್ದರು. ಕೊನೆಗೆ ನಾವೆಲ್ಲ ಮರೆತೇಬಿಟ್ಟಿದ್ದ ಆ ಬೀಸುಕಲ್ಲಿನ ಧಾಟಿ ಸದ್ದಿಲ್ಲದೆ ತಿರುಗಿ ಬಂತು. ನಮ್ಮ ಅತ್ತೆ ಅಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟು, ‘ಹಾದಿ ತಪ್ಪಿದ್ನಲ್ಲ ಅಂತ ಅಂಜಿದ್ದೆ. ಮನಿಗೆ ಬಂದ,’ ಎಂದರು. ಜಾಝ್ ಎಂದರೇನೆಂದು ಈಗ ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಚಪ್ಪಾಳೆ ನಿಲ್ಲುತ್ತಿದ್ದಂತೆ ಕಾಕಾ ಎದ್ದರು. ಕುಣಿಯಿಂದ ಏಳುವುದು ಸುಲಭವಲ್ಲ, ಎಲೆಕಟ್ಟಿನವನು ಕೈ ಕೊಟ್ಟ. ಜುಬ್ಬಾ ಜಗ್ಗಿಕೊಂಡು ಗಂಟಲು ಸರಿಮಾಡಿ, ಎರಡೇ ಮಾತು ಎಂದು ಆರಂಭಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

‘ಕಾಕಾರ,’ ಎಂದರು ದೇವೇಂದ್ರಪ್ಪ, ತೀರ ಮೆಲ್ಲಗೆ, ‘ಇಲ್ಲೆ ಮಾತು ಇಲ್ರಿ. ಬೇಕಾದ್ರ ನಿಮ್ಮ ಸಲವಾಗಿ ಮತ್ತೊಂದು ಊದ್ತೀನಿ. ಕುಂಡ್ರಿ.’

ಕಾಕಾ ಅವರ ಜೀವನದಲ್ಲಿ ಯಾರೂ ಅವರಿಗೆ ಈ ಮಾತು ಹೇಳಿರಲಿಕ್ಕಿಲ್ಲ. ಕೆಂಪಾದರು. ನನ್ನನ್ನು ನೋಡಿದರು, ಶಂಕ್ರವ್ವನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ದೇವೇಂದ್ರಪ್ಪ ವಾದ್ಯ ಎತ್ತಿದ್ದರು. ಕಾಕಾ ಒಂದು ಕ್ಷಣ ನಿಂತಿದ್ದು, ಕೈ ಊರಿ, ಮತ್ತೆ ಕುಣಿಯಲ್ಲಿ ಕಾಲು ಇಳಿಬಿಟ್ಟರು.

ಇದಾದ ಮೇಲೆ ಕಾಕಾ ಬದಲಾದರೆಂದು ನೀವು ತಿಳಿದರೆ ಕಾಕಾ ನಿಮಗೆ ಗೊತ್ತಿಲ್ಲ. ಅದು ಸಂಗೀತವೇ ಅಲ್ಲ ಎಂದು ಈಗಲೂ ಎಲ್ಲರಿಗೂ ಹೇಳುತ್ತಾರೆ. ಅಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಲು ಪ್ರತಿ ರವಿವಾರ ಬರುತ್ತಾರೆ. ಹಲಗೆ ಅಳಿಸುವುದನ್ನು ಬಿಟ್ಟಿದ್ದಾರೆ, ಓದುವುದನ್ನು ಶುರುಮಾಡಿದ್ದಾರೆ. ಓದುವುದು ಅಳಿಸುವುದಕ್ಕಿಂತ ಅಪಾಯ ಎಂದು ನನಗೆ ಗೊತ್ತಾದದ್ದು ಈ ತಿಂಗಳು. ಹೊಸ ಪಟ್ಟಿ ಬರೆದು ತೂಗುಹಾಕಿ ಕೈ ಝಾಡಿಸುತ್ತಿದ್ದೆ. ಕಾಕಾ ಬಂದು ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲು ಓದಿದರು. ಬಲಗಡೆಯ ಕೆಳಮೂಲೆಗೆ ಬಂದು ನಿಂತರು, ಬಗ್ಗಿದರು, ಬೆರಳಿಟ್ಟರು.

‘ಊದಾವರ ಹೆಸರು, ಬಾರಸಾವರ ಹೆಸರು ಬಿಟ್ಟು ಮತ್ಯಾರದೂ ಇರಬಾರದು ಅಂದಿದ್ದೀ. ಖರೆ. ಹಂಗಾರ ಈ ಮೂಲ್ಯಾಗ, ‘ಅಕ್ಷರ: ಶೈಲಾ ಅಕ್ಕಾರು’ ಅಂತ ಸಣ್ಣದಾಗಿ ಐತಲ್ಲ. ಇವರು ಏನ ಊದತಾರವಾ?’

ಅಷ್ಟು ಹೇಳಿ ಟವೆಲ್ಲು ಹೆಗಲ ಮೇಲೆ ಸರಿಪಡಿಸಿಕೊಂಡು ಹೊರಟುಹೋದರು. ನಾನು ಮೂಲೆಯನ್ನು ನೋಡುತ್ತ ನಿಂತೆ. ಮೊದಲ ಹಲಗೆಯಿಂದಲೂ ನನ್ನ ಹೆಸರು ಅಲ್ಲಿತ್ತು. ಕೈ ತನ್ನಷ್ಟಕ್ಕೆ ತಾನೇ ಬರೆಯುತ್ತಿತ್ತು ಎಂದು ಹೇಳಿದರೆ ನೀವು ನಂಬಬಹುದು, ನಾನು ನಂಬುವುದಿಲ್ಲ. ದೇವೇಂದ್ರಪ್ಪ ಪ್ರತಿ ತಿಂಗಳೂ ಅದನ್ನು ನೋಡಿದ್ದರು, ಒಂದು ದಿನವೂ ಆಡಿ ತೋರಿಸಲಿಲ್ಲ. ಒಳಗೆ ಹೋಗಿ ಶಂಕ್ರವ್ವನಿಂದ ಒಂದು ಒದ್ದೆ ಅರಿವೆ ಇಸಿದುಕೊಂಡು ಬಂದೆ. ಮೂಲೆಯ ಮುಂದೆ ಬಹಳ ಹೊತ್ತು ನಿಂತೆ. ಶೈ ಎಂಬ ಅಕ್ಷರದ ಬಳುಕು ಆವತ್ತು ಎಂದಿಗಿಂತ ಚೆನ್ನಾಗಿ ಬಂದಿತ್ತು. ಅರಿವೆಯನ್ನು ಹಿಂಡಿ, ಮಡಚಿ, ಶಂಕ್ರವ್ವನಿಗೆ ವಾಪಸು ಕೊಟ್ಟು ಮನೆಗೆ ಬಂದೆ. ನಾನಂತೂ ಅಳಿಸುವುದಿಲ್ಲ. ಬೇಕಾದವರು ಬಂದು ಅಳಿಸಲಿ, ನೋಡೋಣ.